ಮುಂದಿನ ಹುಕುಂ ಬರುವತನಕ

ದೇಶವೊಂದರ ಅಧ್ಯಕ್ಷ ಸಂವಿಧಾನ ಕೊಟ್ಟ ಹಕ್ಕನ್ನು ಮೀರಿ ನಡೆದನೋ ಇಲ್ಲವೋ ಎಂದು ದೊಡ್ಡವರು ಪತ್ರಿಕೆಯಲ್ಲಿ ವಾದ ಮಾಡುವುದನ್ನು ಓದುವಾಗಲೆಲ್ಲ ನನಗೆ ದಿಲ್ಲಿ ನೆನಪಾಗುವುದಿಲ್ಲ, ಸಮುದ್ರದಾಚೆಯ ರಾಜಧಾನಿಗಳೂ ನೆನಪಾಗುವುದಿಲ್ಲ. ಕಮಲಾಪುರದ ನಮ್ಮ ಮನೆಯ ಪಡಸಾಲೆ ನೆನಪಾಗುತ್ತದೆ. ಶಹಾಬಾದಿ ಕಲ್ಲು ಹಾಸಿದ, ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಪಡಸಾಲೆ. ಒಂದು ಗೋಡೆಗೆ ಲೋಡು, ಲೋಡಿನ ಮುಂದೆ ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ, ಅದರೊಳಗೆ ಮಸಿಯ ಡಬ್ಬಿ ಮತ್ತು ಹಿತ್ತಾಳೆ ಹಿಡಿಕೆಯ ಒಂದು ಠಸ್ಸೆ. ಲೋಡಿಗೆ ಒರಗಿ ಕೂತವರು ನಮ್ಮ ಅಪ್ಪ, ಶರಣಪ್ಪ ಸಾವಕಾರರು. ನಮ್ಮೂರ ಮಟ್ಟಿಗೆ ಅಧ್ಯಕ್ಷರು ಅವರೇ. ಉರ್ದು ರೂಢಿಯಿದ್ದವರು ಸದರ್ ಸಾಹೇಬರು ಎನ್ನುತ್ತಿದ್ದರು. ಯಾರು ಊರು ಬಿಟ್ಟು ಹೋಗಬಹುದು, ಯಾರು ಹೋಗಬಾರದು ಎಂಬುದನ್ನು ವರ್ಷಕ್ಕೂ ಮೇಲ್ಪಟ್ಟು ಅವರು ಅಲ್ಲಿ ಕೂತೇ ತೀರ್ಮಾನಿಸಿದರು. ಅವರು ಬರೆದ ಚೀಟಿಗೆ ಠಸ್ಸೆ ಒತ್ತುತ್ತಿದ್ದವಳು ನಾನು. ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಮುಂದೆ ದೊಡ್ಡವಳಾಗಿ ಮಕ್ಕಳಿಗೆ ಪೌರನೀತಿ ಕಲಿಸುವ ಕೆಲಸವೇ ನನ್ನ ಪಾಲಿಗೆ ಬಂತು. ದೇವರಿಗೂ ಒಮ್ಮೊಮ್ಮೆ ಚೇಷ್ಟೆ ಮಾಡುವ ಮನಸ್ಸಾಗುತ್ತದೆ.

ಅದಕ್ಕೆ ಮುಂಚೆ ಸುಮಾರು ಒಂದು ವರ್ಷ ನಾವು ಊರಲ್ಲಿರಲಿಲ್ಲ. ನಿಜಾಮರ ರಾಜ್ಯದ ಕೊನೆಯ ದಿನಗಳವು. ರಜಾಕಾರರ ಹೆದರಿಕೆಗೆ ಹಲವು ಮನೆಗಳವರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದಂತೆ ನಾವೂ ಹೋಗಿ, ಒಂದು ತಗಡಿನ ಶೆಡ್ಡಿನಲ್ಲಿ ಆರು ಮನೆಯವರ ಜೊತೆ ಸೀರೆಯ ಪರದೆ ಕಟ್ಟಿಕೊಂಡು ಬದುಕಿದೆವು. ಹೋಗುವಾಗ ಮನೆಯ ಕೀಲಿಯನ್ನು ಅಪ್ಪ ಕೊಟ್ಟದ್ದು ಎದುರು ಮನೆಯ ಲಾಲಸಾಬ ಕಾಕಾನ ಕೈಗೆ. ಆತ ನಮ್ಮ ತೊಗರಿಯನ್ನು ಬಂಡಿಯಲ್ಲಿ ಕಲಬುರಗಿಯ ಗಂಜಿಗೆ, ಅಂದರೆ ಕಾಳಿನ ಪೇಟೆಗೆ, ಹೊಡೆದುಕೊಂಡು ಹೋಗುತ್ತಿದ್ದವನು. ಆತನ ಹೆಂಡತಿ ಖಾಜಾಬಿ ಊರಿನ ಸೂಲಗಿತ್ತಿ. ನಮ್ಮವ್ವನ ಎಲ್ಲ ಹೆರಿಗೆಯೂ ಆಕೆಯ ಕೈಯಲ್ಲೇ ಆದದ್ದು. ನಾವು ಆಕೆಯನ್ನು ಖಾಲಾ, ಎಂದರೆ ಚಿಕ್ಕವ್ವ, ಎಂದೇ ಕರೆಯುತ್ತಿದ್ದೆವು. ಅವರ ಒಬ್ಬಳೇ ಮಗಳು ಜೈನಬ್ ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ನನ್ನ ತಲೆ ಬಾಚಿ, ಕೂದಲು ಹರಿಯುವ ಹಾಗೆ ಬಿಗಿಯಾಗಿ ಹೆಣೆದು, ನಾನು ಅತ್ತರೆ ನಗುತ್ತಿದ್ದಳು.

ಪೊಲೀಸ್ ಆಕ್ಷನ್ ಮುಗಿದು ನಾವು ತಿರುಗಿ ಬಂದಾಗ ಮನೆ ಇದ್ದ ಹಾಗೇ ಇತ್ತು. ನೆಲ ಸಾರಿಸಿತ್ತು. ದೇವರ ಜಗುಲಿಯ ಮೇಲೆ ಧೂಳಿರಲಿಲ್ಲ. ಆದರೆ ಊರು ಇದ್ದ ಹಾಗಿರಲಿಲ್ಲ. ಹೋಗುವಾಗ ನಾವು ಹೆದರಿದ್ದೆವು, ಬಂದಾಗ ಬೇರೆಯವರು ಹೆದರಿದ್ದರು. ಹಿಂದಿನ ಓಣಿಯ ಕೆಲವು ಬಾಗಿಲುಗಳು ಮುಚ್ಚಿದವು ಮುಚ್ಚಿಯೇ ಉಳಿದಿದ್ದವು. ಆ ಮನೆಗಳವರು ಎಲ್ಲಿಗೆ ಹೋದರು ಎಂದು ನಾನು ಕೇಳಿದಾಗ, ನಮ್ಮ ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ನನ್ನ ಬಾಯಿಗೆ ಒಂದು ಬೆಲ್ಲದ ತುಂಡು ತುರುಕಿ ಸುಮ್ಮನಾಗಿಸಿದಳು. ಅಪ್ಪ ಬಂದ ಎರಡನೆಯ ದಿನ ಹಗೇವು ತೆಗೆಸಿದರು. ಹಗೇವು ಎಂದರೆ ಪಡಸಾಲೆಯ ನೆಲದ ಕೆಳಗಿನ ಜೋಳದ ಗುಂಡಿ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಅರ್ಧ ದಿನ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದರು. ದೀಪ ಆರಲಿಲ್ಲ. ತಳದವರೆಗೂ ಚೆನ್ನಾಗಿ ಉರಿದು, ಒಳಗೆ ಒಂದು ಕಾಳೂ ಇಲ್ಲವೆಂದು ತೋರಿಸಿತು.

ಖಾಕಿ ತೊಟ್ಟ ರಜಾಕಾರರು ಬಂದು ಬಂಡಿ ಹೇರಿಕೊಂಡು ಹೋದರೆಂದು ಲಾಲಸಾಬ ಕಾಕಾ ಹೇಳಿದ. ಹಾಗಾದರೆ ಬಾಯಿಗೆ ಹೊಸ ಮಣ್ಣು ಮೆತ್ತಿದವರು ಯಾರು ಎಂದು ಅಪ್ಪ ಕೇಳಿದರು. ನಾನೇ ಮೆತ್ತಿದೆ, ತೆರೆದಿಟ್ಟರೆ ಹುಡುಗರು ಬಿದ್ದು ಸಾಯುತ್ತಿದ್ದರು ಎಂದ. ಅಪ್ಪ ಆಮೇಲೆ ಏನೂ ಕೇಳಲಿಲ್ಲ. ಅವರು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಕೂಗಾಡಿದ ಸಿಟ್ಟು ಉಣ್ಣುವ ಹೊತ್ತಿಗೆ ಇಳಿಯುತ್ತದೆ. ಆ ಜೋಳ ತೆಗೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅದಾದ ಕೆಲವೇ ದಿನಗಳಲ್ಲಿ ಜೀಪಿನಲ್ಲಿ ಒಬ್ಬ ಫೌಜಿ ಅಧಿಕಾರಿ ಬಂದ. ಊರಿಗೊಂದು ಶಾಂತಿ ಕಮಿಟಿ ಬೇಕು, ಅದಕ್ಕೊಬ್ಬ ಅಧ್ಯಕ್ಷ ಬೇಕು ಎಂದ. ಉರ್ದು, ಕನ್ನಡ ಎರಡರಲ್ಲೂ ಸಹಿ ಮಾಡಬಲ್ಲವರು ಯಾರೆಂದು ಕೇಳಿದಾಗ ಜನ ನಮ್ಮ ಅಪ್ಪನ ಕಡೆ ನೋಡಿದರು. ಹಾಳೂರಿಗೆ ಉಳಿದವನೇ ಗೌಡ ಎಂದು ಆಯಿ ಅಡುಗೆಮನೆಯಿಂದಲೇ ಅಂದಳು. ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲವಾಗಿ ಬಚಾವಾದೆವು. ರಜಾಕಾರರ ಜೊತೆ ಸೇರಿದ್ದರೆಂದು ಗುಮಾನಿ ಇರುವವರ ಹೆಸರು ಬರೆದುಕೊಡಿ ಎಂದ. ಅಪ್ಪ ಎರಡು ಹಾಳೆ ಬರೆದರು. ಮುಂದಿನ ಹುಕುಂ ಬರುವತನಕ ಈ ಮನೆಗಳವರು ಅಧ್ಯಕ್ಷರ ಚೀಟಿ ಇಲ್ಲದೆ ಊರು ಬಿಡಬಾರದು ಎಂದು ಡಂಗುರ ಹೊಡೆಸಿ, ಆ ಠಸ್ಸೆಯನ್ನು ಕೊಟ್ಟು, ಜೀಪು ಹೊರಟುಹೋಯಿತು. ಆ ಅಧಿಕಾರಿಯನ್ನು ನಾವು ಮತ್ತೆ ನೋಡಲೇ ಇಲ್ಲ.

ಪಟ್ಟಿಯ ಎರಡನೆಯ ಹಾಳೆಯಲ್ಲಿ ಲಾಲಸಾಬನ ಹೆಸರಿದೆಯೆಂದು ಅವ್ವನಿಗೆ ತಿಳಿದದ್ದು ಅಂದು ಊಟದ ಹೊತ್ತಿಗೆ. ಅಪ್ಪನ ತಾಟಿಗೆ ರೊಟ್ಟಿ ಹಾಕಿ, ಪುಂಡಿಪಲ್ಯ ಬಡಿಸುತ್ತ ಬಡಿಸುತ್ತ ಕೈ ನಿಲ್ಲಿಸಿದಳು. ಅವ್ವ ಗಂಡನಿಗೆ ಎದುರು ಮಾತಾಡುವವಳಲ್ಲ. ಅಂದು ಆಡಿದ್ದು ನೆಲ ನೋಡಿಕೊಂಡೇ.

"ನಮ್ಮ ಜಗುಲಿ ಮ್ಯಾಲ ದಿನಾ ದೀಪ ಹಚ್ಯಾಳ್ರಿ ಖಾಜಾಬಿ. ಆಕೀ ಮನೀ ಹೆಸರು ಹ್ಯಾಂಗ ಬರದ್ರಿ?"

"ಜ್ವಾಳ ಎಲ್ಲಿ ಹೋದ್ವು ಅಂತ ಅಂವ ಹೇಳ್ಲಿ. ಅವತ್ತೇ ಹೆಸರು ಹೊಡೀತೀನಿ."

ಆಯಿ ಒಲೆಯ ಬೂದಿ ಕೆದರುತ್ತ, ಜೋಳಕ್ಕೂ ಸರಕಾರಕ್ಕೂ ಏನು ಸಂಬಂಧ ಎಂದು ಕೇಳಿದಳು. ಅಪ್ಪ ಅರ್ಧ ರೊಟ್ಟಿಗೇ ಕೈ ತೊಳೆದರು. ನಮ್ಮ ಮನೆಯಲ್ಲಿ ಎದ್ದ ದೊಡ್ಡ ಜಗಳವೆಂದರೆ ಅದೊಂದೇ. ಅದೂ ಮೂರೇ ಮಾತಿಗೆ ಮುಗಿಯಿತು.

ಅಂದಿನಿಂದ ನಮ್ಮ ಬೆಳಗುಗಳ ರೀತಿಯೇ ಬೇರೆಯಾಯಿತು. ಅಪ್ಪ ಸ್ನಾನ, ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿಯೊಂದಿಗೆ ಪಡಸಾಲೆಗೆ ಬರುವ ಹೊತ್ತಿಗೆ ಜನ ಬಂದು ಕೂತಿರುತ್ತಿದ್ದರು. ಚೀಟಿಯಲ್ಲಿ ಹೆಸರು, ಹೋಗುವ ಊರು, ಕಾರಣ, ತಿರುಗಿ ಬರುವ ದಿನ ಇಷ್ಟು ಬರೆಯಬೇಕು. ಕಾರಣ ಕೇಳುವಾಗ ಅಪ್ಪ ತಲೆ ಎತ್ತುತ್ತಿದ್ದರು. ಗಂಡಸರು ತಮ್ಮ ಮನೆಯ ಒಳಗಿನ ಮಾತುಗಳನ್ನೆಲ್ಲ, ಬಸಿರು, ಬೇನೆ, ಮುರಿದ ಸಂಬಂಧ, ನನ್ನಂಥ ಹುಡುಗಿಯ ಎದುರಿಗೆ ಬಿಚ್ಚಿ ಹೇಳಬೇಕಾಗುತ್ತಿತ್ತು. ಒಪ್ಪಿಗೆಯಾದರೆ ಚೀಟಿ ನನ್ನ ಕಡೆ ಸರಿಯುತ್ತಿತ್ತು. ಠಸ್ಸೆಯನ್ನು ಮಸಿಗೆ ಒತ್ತಿ, ಬಾಯಿಂದ ಊದಿ, ಕಾಗದಕ್ಕೆ ಒತ್ತುತ್ತಿದ್ದೆ. ಅವರು ನನಗೂ ಕೈ ಎತ್ತಿ ಸಲಾಂ ಮಾಡುತ್ತಿದ್ದರು. ನನ್ನ ವಯಸ್ಸಿನ ಬೇರೆ ಹುಡುಗಿಯರು ಕುಂಟಲಿಪಿ ಆಡುತ್ತಿದ್ದಾಗ ನನಗೆ ಇಂಥ ದೊಡ್ಡಸ್ತಿಕೆ ಸಿಕ್ಕಿತ್ತು. ಮೊದಲು ನಮ್ಮ ಮನೆಗೆ ಬಂದವರು ಬೆಲ್ಲ ನೀರು ಕುಡಿಯದೆ ಹೋಗುತ್ತಿರಲಿಲ್ಲ, ಈಗ ಯಾರೂ ಕುಡಿಯುತ್ತಿರಲಿಲ್ಲ. ಅವ್ವ ಬಾವಿಗೆ ಹೋದರೆ ಅಲ್ಲಿನ ಮಾತು ನಿಲ್ಲುತ್ತಿತ್ತು. ಅವಳು ಕೊಡ ತುಂಬಿಕೊಂಡು ತಿರುವಿನಾಚೆ ಬಂದ ಮೇಲೆ ಮತ್ತೆ ಶುರುವಾಗುತ್ತಿತ್ತು. ಅವ್ವ ಕ್ರಮೇಣ ಬೆಳಿಗ್ಗೆ ಬಾವಿಗೆ ಹೋಗುವುದನ್ನೇ ಬಿಟ್ಟು ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ನೀರು ತರತೊಡಗಿದಳು.

ಆ ವರ್ಷವೇ ಊರಲ್ಲಿ ಕನ್ನಡ ಶಾಲೆ ಶುರುವಾಗಿತ್ತು. ಗದುಗಿನ ಕಡೆಯಿಂದ ಬಂದ ವೆಂಕೋಬ ಮಾಸ್ತರರು ನಮಗೆ ಕಲಿಸುತ್ತಿದ್ದರು. ದೇಶಕ್ಕೆ ಸಂವಿಧಾನ ಬಂದ ದಿನ ಅವರು ಹುಬ್ಬಳ್ಳಿ ಕಡೆಯ ಪತ್ರಿಕೆಯೊಂದನ್ನು ತಂದು, ಅದರಲ್ಲಿದ್ದ ಹಕ್ಕುಗಳನ್ನು ಓದಿ, ನಮ್ಮಿಂದ ಬಾಯಿಪಾಠ ಮಾಡಿಸಿದರು. ದೇಶದ ಯಾವ ಪ್ರಜೆಯೂ ದೇಶದ ಯಾವ ಮೂಲೆಗೂ ತಡೆಯಿಲ್ಲದೆ ಹೋಗಬಹುದು ಎಂಬುದನ್ನು ನಾನು ಒಂದೇ ಉಸಿರಿಗೆ ತಪ್ಪಿಲ್ಲದೆ ಹೇಳಿದೆ. ಬಹುಮಾನವಾಗಿ ನಮ್ಮೂರಿನ ಒಂದು ಕೆಂಪು ಬಾಳೆಹಣ್ಣು ಸಿಕ್ಕಿತು. ಅದನ್ನು ತಿನ್ನುತ್ತಲೇ ಮನೆಗೆ ಬಂದು ಪಡಸಾಲೆಯಲ್ಲೂ ಒಪ್ಪಿಸಿದೆ. ಚೀಟಿಗಾಗಿ ಕೂತಿದ್ದ ನಾಲ್ಕೈದು ಜನ ತಲೆ ತಗ್ಗಿಸಿದರು. ಅಪ್ಪ ನನ್ನ ಬೆನ್ನು ತಟ್ಟಿ, ಭೇಷ್ ಎಂದು, ಮುಂದಿನವನ ಕಾರಣ ಕೇಳಿದರು.

ಸಂಜೆಗೆ ಮಾಸ್ತರರು ಬಂದರು. ಅವರು ಮೆತ್ತಗಿನ ಮನುಷ್ಯ. ಕಟ್ಟೆಯ ತುದಿಯಲ್ಲಿ ಕೂತು, ಈ ಚೀಟಿಯ ಪದ್ಧತಿ ಇನ್ನು ನಡೆಯುವುದು ಸರಿಯಲ್ಲವೇನೋ ಎಂದು ಸುತ್ತಿ ಬಳಸಿ ಹೇಳಿದರು.

"ಮುಂದಿನ ಹುಕುಂ ಬರೋತನಕ ಅಂದಾನ ಸಾಹೇಬ. ನನಗ ಹುಕುಂ ಬಂದದೇನ್ರಿ ಮಾಸ್ತರ?"

"ಈ ಸಂವಿಧಾನನ ಹುಕುಂ ಅಲ್ರಿ ಸಾವಕಾರ್ರ. ಇದಕ್ಕಿಂತ ದೊಡ್ಡದು ಇನ್ಯಾವುದು ಬರಬೇಕ್ರಿ?"

ಅಪ್ಪ ಪತ್ರಿಕೆಯನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರ ಮ್ಯಾಲ ಠಸ್ಸೆ ಎಲ್ಲದರಿ?"

ಅದು ಕೊಂಕು ಮಾತಲ್ಲ. ಅಪ್ಪ ನಿಜವಾಗಿಯೂ ಹುಡುಕಿದ್ದರು. ನಿಜಾಮರ ಕಾಲದಲ್ಲಿ ಹುಟ್ಟಿ ಬೆಳೆದವರು. ಮೇಲಿನವರ ಮಾತು ಮುದ್ರೆಯೊಂದಿಗೆ ಆಳಿನ ಕೈಯಲ್ಲಿ ಬಾಗಿಲಿಗೆ ಬರುತ್ತದೆಂದು ನಂಬಿದವರು. ನೂರಾರು ಮೈಲಿಯಾಚೆ ಯಾರೋ ಬರೆದ ಪುಸ್ತಕ ತಾನಾಗಿಯೇ ತಮ್ಮ ಠಸ್ಸೆಯನ್ನು ರದ್ದು ಮಾಡೀತೆಂದು ಅವರ ಮನಸ್ಸಿಗೆ ಹೊಳೆಯಲಿಲ್ಲ. ಚೀಟಿ ಕೇಳಲು ಬರುತ್ತಿದ್ದವರಿಗೂ ಹೊಳೆದಿರಲಿಲ್ಲ. ಮರುದಿನವೂ ಅವರು ಬಂದು ಕೂತರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಆಯಿ ಗೊಣಗಿದಳು.

ಜೈನಬ್‌ಗೆ ಆ ಹೊತ್ತಿಗೆ ಮದುವೆಯಾಗಿತ್ತು. ಕಲಬುರಗಿಯ ಜಗತ್ ಎಂಬ ಓಣಿಯ ಹತ್ತಿರ ಅವಳ ಗಂಡನ ಮನೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅದೂ ತಾಯಿಯೇ ಸೂಲಗಿತ್ತಿಯಾಗಿರುವಾಗ ಕೇಳುವುದೇ ಬೇಡ. ಆದರೆ ಪಟ್ಟಿಯಲ್ಲಿದ್ದ ಮನೆಗೆ ಸೊಸೆಯನ್ನು ಕಳಿಸಿದರೆ ತಿರುಗಿ ಬಿಡುತ್ತಾರೋ ಇಲ್ಲವೋ ಎಂದು ಅತ್ತೆ ಮಾವ ಹೆದರಿದರು. ಹಾಗಾಗಿ ಖಾಲಾನೇ ಅಲ್ಲಿಗೆ ಹೋಗಬೇಕಾಯಿತು. ದಿನ ತುಂಬಲು ಹದಿನೈದು ದಿನವಿರುವಾಗ ಬಂದು ಮೊದಲ ಸಲ ಕೇಳಿದಳು. ಮಗು ಅಡ್ಡ ಮಲಗಿದೆಯಂತೆ, ಅಲ್ಲಿಯ ಹೆಂಗಸರಿಗೆ ತಿರುಗಿಸಲು ಬರುವುದಿಲ್ಲ, ತನ್ನ ಕೈಗೆ ಬರುತ್ತದೆ ಎಂದಳು. ಅಪ್ಪ ನೋಡೋಣ ಎಂದರು. ಎರಡನೆಯ ಸಲ ಬಂದದ್ದು ಅಮಾವಾಸ್ಯೆಯ ದಿನ. ಅಮಾವಾಸ್ಯೆ ದಿನ ನಮ್ಮ ಮನೆಯಿಂದ ಹೆಪ್ಪಿಗೆ ಮಜ್ಜಿಗೆಯನ್ನೂ ಹೊರಗೆ ಕೊಡುತ್ತಿರಲಿಲ್ಲ, ಠಸ್ಸೆ ಮುಟ್ಟುವ ಮಾತೇ ಇಲ್ಲ. ನಾಳೆ ಬಾ ಎಂದರು. ಮರುದಿನ ಬಂದಾಗ, ನಿನ್ನ ಗಂಡನನ್ನು ಕಳಿಸು, ಜೋಳದ ಮಾತು ಮುಗಿಸಿಬಿಡೋಣ ಎಂದರು. ಲಾಲಸಾಬ ಕಾಕಾ ಬಂದು, ಗೊತ್ತಿದ್ದನ್ನು ಮೊದಲೇ ಹೇಳಿದ್ದೇನೆ, ಗೊತ್ತಿಲ್ಲದ್ದನ್ನು ಎಲ್ಲಿಂದ ತರಲಿ ಎಂದು ಹೇಳಿ ಹೋದ. ಅಪ್ಪ ಚೀಟಿ ಬರೆಯಲಿಲ್ಲ.

ಎರಡು ದಿನ ಬಿಟ್ಟು ಅಪ್ಪ ಗಂಜಿಗೆ ಹೋಗಿದ್ದರು. ಮಧ್ಯಾಹ್ನ. ಅವ್ವ ನೀರಿಗೆ ಹೋಗಿದ್ದಳು. ನಾನು ಪಡಸಾಲೆಯಲ್ಲಿ ಅಪ್ಪನ ಲೋಡಿಗೆ ಒರಗಿ ಕೂತಿದ್ದೆ. ಖಾಲಾ ಬಂದು ಎದುರಿಗೆ ಕುಕ್ಕರಿಸಿದಳು. ಕೈಯಲ್ಲಿ ಒಂದು ಚೀಟಿ. ಅಕ್ಷರ ಮಾಸ್ತರರದ್ದು. ಚೀಟಿಯೇ ಬೇಡ, ಹೋಗು ಎಂದು ಅವರು ಹೇಳಿದ್ದರಂತೆ. ಮಹಾಗಾಂವ ನಾಕೆಯಲ್ಲಿ ಜನರನ್ನು ತಡೆದು ಚೀಟಿ ನೋಡುವವರು ನಿಮ್ಮ ಪೇಪರು ಓದುತ್ತಾರೇನು ಎಂದು ಇವಳೇ ಹಟ ಹಿಡಿದು ಬರೆಸಿಕೊಂಡು ಬಂದಿದ್ದಳು.

"ನೀಲಾ, ನನ್ನ ಕೈಯಾಗ ಹುಟ್ಟಿದಾಕಿ ನೀ. ಒಂದ್ ಠಸ್ಸೆ ಒತ್ತವ್ವ."

ಪೆಟ್ಟಿಗೆಗೆ ಕೀಲಿ ಇರಲಿಲ್ಲ. ಠಸ್ಸೆ ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಒತ್ತಿದ್ದರೆ ಅಪ್ಪ ಬಹಳವೆಂದರೆ ಎರಡು ಏಟು ಹೊಡೆಯುತ್ತಿದ್ದರು. ಇಷ್ಟು ವರ್ಷಗಳಲ್ಲಿ ನನ್ನನ್ನು ನಾನು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ: ಸಣ್ಣವಳು, ಹೆದರಿದ್ದಳು ಎಂದು. ಸುಳ್ಳು. ಆಗ ನನಗೆ ಆದದ್ದು ಹೆದರಿಕೆಯಲ್ಲ, ಹೆಮ್ಮೆ. ನನ್ನನ್ನು ಎತ್ತಿ ಆಡಿಸಿದವಳು ನನ್ನೆದುರು ಕೈಯೊಡ್ಡಿ ಕೂತಿದ್ದಳು. ಅಪ್ಪನ ದನಿಯನ್ನೇ ಮಾಡಿಕೊಂಡು ಹೇಳಿದೆ.

"ಅಪ್ಪನ ಹುಕುಂ ಇಲ್ಲ ಖಾಲಾ. ನಾಳೆ ಬಾ."

ಆಕೆ ನನ್ನನ್ನು ಬೈಯಲಿಲ್ಲ. ಮಂಡಿಗೆ ಕೈಯೂರಿ ಎದ್ದು, ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಗೆ ಹೋದಳು.

ಅಂದೇ ಚೀಟಿಗೆ ಠಸ್ಸೆ ಇಲ್ಲದೆ ಹೊರಟಿದ್ದಾಳೆ. ರಸ್ತೆ ಬಿಟ್ಟು ತೊಗರಿ ಹೊಲಗಳ ನಡುವೆ ನಡೆದಿದ್ದಾಳೆ. ಮಹಾಗಾಂವದ ಹತ್ತಿರ ನೀರು ಕುಡಿಯಲು ರಸ್ತೆಗೆ ಬಂದಾಗ ಕಮಿಟಿಯ ಇಬ್ಬರು ತೋಳುಪಟ್ಟಿಯವರು ಹಿಡಿದು, ಬಂಡಿಯಲ್ಲಿ ಕೂಡಿಸಿ ಮರುದಿನ ಬೆಳಿಗ್ಗೆ ತಿರುಗಿ ತಂದರು. ಅಧ್ಯಕ್ಷರು ಗಂಜಿನಿಂದ ಬರುವವರೆಗೆ ಚಾವಡಿಯ ಕೋಣೆಯಲ್ಲಿ ಹಾಕಿ ಹೊರಗಿನಿಂದ ಚಿಲಕ ಜಡಿದರು. ಸುದ್ದಿ ಕೇಳಿ ಅವ್ವ ಒಲೆಯ ಮುಂದಿನಿಂದ ಎದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಬುಟ್ಟಿಯಲ್ಲಿ ರೊಟ್ಟಿ ಇಟ್ಟುಕೊಂಡು, ಮದುವೆಯಾಗಿ ಬಂದ ಮೇಲೆ ಒಮ್ಮೆಯೂ ಕಾಲಿಡದ ಚಾವಡಿಗೆ ನಡುಹಗಲಲ್ಲಿ ನಡೆದುಹೋದಳು. ಕಾವಲಿನವರು ಅಧ್ಯಕ್ಷರ ಹೆಂಡತಿಯೆಂದು ದಾರಿ ಬಿಟ್ಟರು. ಬಾಗಿಲು ಮಾತ್ರ ತೆಗೆಯಲಿಲ್ಲ. ಅವ್ವ ಕಿಟಕಿಯ ಸಳಿಗಳ ನಡುವೆ ರೊಟ್ಟಿ ಚಾಚಿದಳು. ಖಾಲಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು, ತಿರುಗಲಿಲ್ಲ. ಅವ್ವ ಆ ಕೈಯನ್ನು ಹಾಗೇ ಚಾಚಿಕೊಂಡು ಬಹಳ ಹೊತ್ತು ನಿಂತಳು. ನಾನು ಅವಳ ಹಿಂದೆ ಸೀರೆ ಹಿಡಿದು ನಿಂತಿದ್ದೆ. ನನ್ನ ಬೆರಳಿಗೆ ಹತ್ತಿದ ಮಸಿ ಅವಳ ಸೀರೆಗೂ ಹತ್ತಿತು.

ಮುಸ್ಸಂಜೆಗೆ ಅಪ್ಪ ಬಂದು ಚಿಲಕ ತೆಗೆಸಿದರು. ಅಷ್ಟರಲ್ಲಿ ಕಲಬುರಗಿಯಿಂದ ಜೈನಬ್‌ಳ ಮೈದುನ ಸುದ್ದಿ ತಂದಿದ್ದ. ಒಂದು ಹಗಲು ಒಂದು ರಾತ್ರಿ ಬೇನೆ ತಿಂದು ಅವಳು ಹೋಗಿದ್ದಳು. ಮಗುವೂ ಹೋಗಿತ್ತು. ಖಾಲಾ ಚಾವಡಿಯ ಮೆಟ್ಟಿಲ ಮೇಲೆ ಅದನ್ನು ಕೇಳಿದಳು. ಆಕೆ ಅಳಲಿಲ್ಲ. ತನ್ನ ಎರಡು ಕೈಗಳನ್ನು ತಿರುವಿ ತಿರುವಿ ನೋಡಿಕೊಂಡಳು. ಲಾಲಸಾಬ ಕಾಕಾ ಆಕೆಯ ರಟ್ಟೆ ಹಿಡಿದು ಮನೆಗೆ ಕರೆದುಕೊಂಡು ಹೋದ. ಅವರು ಹೋಗಿ ಮಣ್ಣು ಕೊಡುವಷ್ಟು ಹೊತ್ತೂ ಇರಲಿಲ್ಲ. ಅಲ್ಲಿಯವರು ಕಾಯದೆ ಎಲ್ಲ ಮುಗಿಸಿದ್ದರು.

ಮರುದಿನ ಮಾಸ್ತರರು ಬಂದು, ಈ ಸಲ ಕಟ್ಟೆಯ ತುದಿಯಲ್ಲಿ ಕೂರದೆ ನಿಂತೇ, ನನ್ನ ಜೊತೆ ಕಲಬುರಗಿಗೆ ಬನ್ನಿ ಎಂದರು. ಅಪ್ಪ ಎದ್ದು ಹೋದರು. ಕಚೇರಿಯಲ್ಲಿ ಒಬ್ಬ ಗುಮಾಸ್ತ ಅವರ ಠಸ್ಸೆಯ ಗುರುತನ್ನು ನೋಡಿ, ಅಂಥ ಕಮಿಟಿಗಳೂ ಚೀಟಿಗಳೂ ರದ್ದಾಗಿ ಎಷ್ಟೋ ತಿಂಗಳಾದವು, ಸಂವಿಧಾನ ಬರುವುದಕ್ಕೂ ಮುಂಚಿನ ಮಾತು, ನಿಮಗೆ ಯಾರೂ ಹೇಳಲಿಲ್ಲವೇ ಎಂದು ನಕ್ಕನಂತೆ. ಅಪ್ಪ ಬಂದು ಇದನ್ನು ಅವ್ವನಿಗೆ ಹೇಳುವಾಗ ನಾನು ಬಾಗಿಲ ಸಂದಿಯಲ್ಲಿದ್ದೆ. ಹಾಗಾದರೆ ಇಷ್ಟು ದಿನ ಇವರೆಲ್ಲ ನನ್ನ ಹತ್ತಿರ ಯಾಕೆ ಬಂದರು ಎಂದು ಕೇಳಿದರು.

ಹುಕುಂ ಇದ್ದಾಗ ಮಾಡಿದ್ದು ಸರಿ, ಹೋದ ಮೇಲೆ ಮಾಡಿದ್ದು ಹಕ್ಕಿನ ಉಲ್ಲಂಘನೆ ಎಂದು ವಕೀಲರು ಗೆರೆ ಎಳೆಯಬಹುದು. ನನಗೆ ಆ ಗೆರೆ ಕಾಣುವುದಿಲ್ಲ. ಅಪ್ಪ ಕೆಟ್ಟವರಲ್ಲ. ಮುಪ್ಪಿನಲ್ಲಿ ಒಮ್ಮೆ, ತಾನು ಬರೀ ಹೇಳಿದ್ದನ್ನು ಮಾಡಿದೆ ಅಲ್ಲವೇ ಎಂದು ನನ್ನನ್ನು ಕೇಳಿದರು. ಹೌದೆಂದು ಹೇಳಿ ಅವರ ಕಾಲು ಒತ್ತಿದೆ. ಆದರೆ ಜೋಳದ ಮಾತು ಮುಗಿಸೋಣವೆಂದು ಹೇಳಿಕೊಡಲು ಅವರಿಗೆ ಯಾವ ಸಾಹೇಬನೂ ಬಂದಿರಲಿಲ್ಲ. ನಾಳೆ ಬಾ ಎಂದು ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಅಪ್ಪ ಊರಿಗೆ ತಿರುಗಿ ಬಂದ ಮರುದಿನವೇ ಡಂಗುರ ಹೊಡೆಸಿದರು: ಇನ್ನು ಚೀಟಿ ಬೇಡ, ಯಾರು ಎಲ್ಲಿಗೆ ಬೇಕಾದರೂ ಹೋಗಬಹುದು. ಓಣಿ ಓಣಿಗೂ ಹಲಗೆಯ ಸದ್ದು ಕೇಳಿಸಿತು. ಅದರ ಮರುದಿನ ಬೆಳಿಗ್ಗೆ ಅವರು ಪೂಜೆ ಮುಗಿಸಿ ಪಡಸಾಲೆಗೆ ಬಂದರೆ ಜನ ಎಂದಿನಂತೆ ಕೂತಿದ್ದರು. ಎಲ್ಲರಿಗಿಂತ ಮುಂದೆ ಲಾಲಸಾಬ ಕಾಕಾ, ಕಲ್ಲಿನ ನೆಲದ ಮೇಲೆ, ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು.

"ಚೀಟಿ ಬ್ಯಾಡ ಲಾಲಸಾಬ. ಡಂಗುರ ಕೇಳ್ಲಿಲ್ಲೇನು? ಎಲ್ಲಿ ಬೇಕಲ್ಲಿ ಹೋಗು."

"ಕೇಳೀನ್ರಿ."

ಆದರೂ ಏಳಲಿಲ್ಲ. ಅಪ್ಪ ಲೋಡಿನ ಹತ್ತಿರ ಹೋಗದೆ, ಅವನೆದುರಿಗೆ ಬರೀ ನೆಲದ ಮೇಲೆ ಕೂತರು. ಅಪ್ಪ ಹಾಗೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಖರೇನ ಹೇಳ್ತೀನೋ. ಯಾರೂ ನಿನ್ನ ಕೇಳಂಗಿಲ್ಲ. ಕೈ ಮುಗೀತೀನಿ, ಹಾಂಗ ಹೋಗು."

"ನೀವು ಹೇಳ್ತೀರಿ, ಖರೇನ ಇರ್ತದ್ರಿ. ದಾರ್ಯಾಗ ಯಾರರ ನಿಂದರಿಸಿದ್ರ ನಾ ಏನ್ ತೋರಿಸ್ಲಿ? ಬರದು ಕೊಡ್ರಿ ಸಾವಕಾರ್ರ. ಆಕೀಗೂ ಒಂದು. ಮಗಳ ಗೋರಿ ನೋಡಿ ಬರ್ತೀವಿ."

ಅಪ್ಪ ಬರೆದರು. ಹೆಸರು, ಊರು ಬರೆದು, ಕಾರಣದ ಜಾಗಕ್ಕೆ ಬಂದಾಗ ಲೇಖನಿ ನಿಂತಿತು. ತಲೆ ಎತ್ತಿ ಕೇಳಲಿಲ್ಲ. ಅಲ್ಲಿ ಏನೂ ಬರೆಯದೆ ಎರಡೂ ಚೀಟಿಗಳನ್ನು ನನ್ನ ಕಡೆ ಸರಿಸಿದರು. ನಾನು ಠಸ್ಸೆಯನ್ನು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿದೆ. ಎರಡು ಸಲ. ಲಾಲಸಾಬ ಕಾಕಾ ಮಸಿ ಒಣಗುವತನಕ ಕಾದು, ಚೀಟಿಗಳನ್ನು ಜೋಪಾನವಾಗಿ ರುಮಾಲಿನಲ್ಲಿ ಕಟ್ಟಿಕೊಂಡು ಎದ್ದ. ಅಪ್ಪನಿಗೆ ಸಲಾಂ ಮಾಡಿದ. ನನಗೂ ಮಾಡಿದ.

"ಮೆಹರ್ಬಾನಿ ಆತ್ರಿ" ಎಂದ.